ನರಳುವ ಕಾಡುಪ್ರಾಣಿಗೆ ಅರಣ್ಯ ಇಲಾಖೆ ಚಿಕಿತ್ಸೆ ಕೊಡಬೇಕೇ, ಹಾಗೇ ಬಿಡಬೇಕೇ?

ಕುಂಟುತ್ತ ರಸ್ತೆ ದಾಟುವ ಹುಲಿ, ಕಾಲಿನ ಗಾಯದಿಂದ ಕೀವು ಸುರಿಯುತ್ತಿರುವಾಗ ಕೆರೆಯಲ್ಲಿ ನಿಂತ ಆನೆ, ತಾಯಿಯಿಲ್ಲದೆ ಕೂಗುವ ಮರಿ. ಸಫಾರಿಗೆ ಹೋದವರು ತೆಗೆದ ಇಂಥ ಒಂದು ವಿಡಿಯೋ ವಾಟ್ಸಾಪಿನಲ್ಲಿ ಹರಿದಾಡತೊಡಗಿದರೆ ಸಂಜೆಯೊಳಗೆ ಅರಣ್ಯ ಇಲಾಖೆಯ ಮೇಲೆ ಬೈಗುಳದ ಮಳೆ ಸುರಿಯುತ್ತದೆ. ಇಲಾಖೆ ಒಮ್ಮೆ ಓಡೋಡಿ ಬಂದು ಅರಿವಳಿಕೆ ಕೊಟ್ಟು ಔಷಧ ಹಚ್ಚುತ್ತದೆ. ಇನ್ನೊಮ್ಮೆ 'ಇದು ಸಹಜ, ನಾವು ಮಧ್ಯಪ್ರವೇಶಿಸುವುದಿಲ್ಲ' ಎನ್ನುತ್ತದೆ. ಜನರಿಗೆ ಗೊಂದಲವಾಗುವುದು ಇಲ್ಲೇ.

ಎರಡು ಘಟನೆಗಳನ್ನು ನೋಡಿ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಲು ಇಲಾಖೆಯ ತಂಡ ಹೋಗಿತ್ತು. ಇನ್ನೊಂದು ಆನೆಯ ಜೊತೆಗಿನ ಕಾದಾಟದಲ್ಲಿ ಅದಕ್ಕೆ ಗಾಯವಾಗಿತ್ತು. ಡಾರ್ಟ್ (ಬಂದೂಕಿನಿಂದ ಹಾರಿಸುವ ಅರಿವಳಿಕೆಯ ಸೂಜಿ) ಹೊಡೆಯುವ ಕಾರ್ಯಾಚರಣೆಯಲ್ಲಿ ಆನೆ ತಿರುಗಿಬಿದ್ದು, 'ಆನೆ ವೆಂಕಟೇಶ್' ಎಂದೇ ಹೆಸರಾಗಿದ್ದ ಅನುಭವಿ ಅರಿವಳಿಕೆ ತಜ್ಞ ಪ್ರಾಣ ಕಳೆದುಕೊಂಡರು. ಭೀಮ ನಂತರದ ವರ್ಷಗಳಲ್ಲೂ ಹಾಸನ ಜಿಲ್ಲೆಯ ತೋಟ, ಗದ್ದೆಗಳಲ್ಲಿ ಓಡಾಡಿಕೊಂಡೇ ಇದ್ದ.

2025ರ ಜನವರಿಯಲ್ಲಿ ಕೇರಳದ ಅತಿರಪ್ಪಿಳ್ಳಿಯಲ್ಲಿ ತಲೆಯ ಮೇಲೆ ಆಳವಾದ ಗಾಯವಾಗಿದ್ದ ಕಾಡಾನೆಗೆ ಅರಿವಳಿಕೆ ಕೊಟ್ಟು, ಗಾಯ ತೊಳೆದು, ಕಾಡಿಗೆ ಬಿಟ್ಟರು. ಕೆಲವು ವಾರಗಳಲ್ಲಿ ಗಾಯ ಮತ್ತೆ ನಂಜಾಗಿ ಹುಳ ಬಿತ್ತು. ಫೆಬ್ರವರಿ 19ರಂದು ಮತ್ತೆ ಡಾರ್ಟ್ ಹೊಡೆದು, ಕುಮ್ಕಿ (ಪಳಗಿಸಿದ) ಆನೆಗಳ ನೆರವಿನಿಂದ ಲಾರಿಗೆ ಹತ್ತಿಸಿ ಕೋಡನಾಡಿನ ಶಿಬಿರಕ್ಕೆ ಸಾಗಿಸಿದರು. 21ರಂದು ಅದು ಸತ್ತಿತು.

ಹಾಸನದಲ್ಲಿ ಚಿಕಿತ್ಸೆಯ ಪ್ರಯತ್ನ ಮನುಷ್ಯನ ಜೀವ ತೆಗೆದುಕೊಂಡಿತು. ಕೇರಳದಲ್ಲಿ ಎರಡು ಬಾರಿ ಹಿಡಿದರೂ ಆನೆ ಉಳಿಯಲಿಲ್ಲ. ಹಾಗಾದರೆ ಕೈಹಾಕಬಾರದಿತ್ತೇ? ಇದನ್ನು ಕರುಣೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಯಾಗಿಸಿದರೆ ಉತ್ತರ ಸಿಗುವುದಿಲ್ಲ. ನೋವಿಗೆ ಕಾರಣ ಏನು, ಚಿಕಿತ್ಸೆಯಿಂದ ನೋವು ನಿಜಕ್ಕೂ ಕಡಿಮೆಯಾಗುತ್ತದೆಯೇ, ನಿರ್ಧಾರವನ್ನು ಯಾರು ಎಷ್ಟು ಬೇಗ ತೆಗೆದುಕೊಳ್ಳುತ್ತಾರೆ ಎಂದು ಬಿಡಿಬಿಡಿಯಾಗಿ ಕೇಳಿಕೊಳ್ಳಬೇಕು.

ಕಾನೂನಿನ ಕಣ್ಣಲ್ಲಿ ಹಿಡಿಯುವುದೂ ಬೇಟೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಬೋನಿಗೆ ಬೀಳಿಸುವುದು, ಉರುಳು ಹಾಕುವುದೂ ಅದರಲ್ಲಿ ಸೇರಿದೆ. ಹೀಗಾಗಿ ಚಿಕಿತ್ಸೆಯ ಸದುದ್ದೇಶದಿಂದಲೇ ಆದರೂ ಹುಲಿಗೋ ಆನೆಗೋ ಅರಿವಳಿಕೆ ಕೊಟ್ಟು ಹಿಡಿಯಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಗಾಯಾಳುವನ್ನು ಮೊದಲು ನೋಡುವವನು ಬೀಟಿನಲ್ಲಿ ಓಡಾಡುವ ವಾಚರ್. ಅವನು ವಲಯ ಅರಣ್ಯಾಧಿಕಾರಿಗೆ ಹೇಳಬೇಕು, ಪಶುವೈದ್ಯರು ದೂರದಿಂದಲೋ ಫೋಟೋದಲ್ಲೋ ನೋಡಿ ವರದಿ ಕೊಡಬೇಕು, ಅದು ಹಿರಿಯ ಅಧಿಕಾರಿಗಳ ಮೂಲಕ ಬೆಂಗಳೂರಿಗೆ ಹೋಗಿ ಆದೇಶವಾಗಿ ಬರಬೇಕು. ಕಾಡುಪ್ರಾಣಿ ಅಷ್ಟು ಹೊತ್ತು ಇದ್ದಲ್ಲೇ ಇರುವುದಿಲ್ಲ.

ಹುಲಿಯ ವಿಷಯದಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಪ್ರತ್ಯೇಕ ಕಾರ್ಯವಿಧಾನವನ್ನೇ ರೂಪಿಸಿದೆ. ಮುಪ್ಪಿನಿಂದಲೋ ಕಾದಾಟದ ಗಾಯದಿಂದಲೋ ಸೊರಗಿದ ಹುಲಿಗೆ ಕಾಡಿನಲ್ಲಿ ಬಲಿ ಕಟ್ಟಿ ಆಹಾರ ಕೊಡುವುದು ಸರಿಯಲ್ಲ, ದುರ್ಬಲವಾದದ್ದು ಕಳಚಿಹೋಗುವುದು ಕಾಡಿನ ಸಹಜ ಕ್ರಮ ಎನ್ನುವುದು ಅದರ ಮೂಲ ನಿಲುವು. ಅದೇ ಹುಲಿ ಊರಂಚಿಗೆ ಬಂದು ಜನರಿಗೆ ಅಪಾಯವಾಗುವಂತಿದ್ದರೆ ಹಿಡಿಯಬೇಕು. ತಬ್ಬಲಿ ಮರಿ ಸಿಕ್ಕರೆ ಮೊದಲು ಕ್ಯಾಮೆರಾ ಟ್ರ್ಯಾಪ್ ಇಟ್ಟು ತಾಯಿಯನ್ನು ಹುಡುಕಿ ಸೇರಿಸಲು ನೋಡಬೇಕು. ಆಗದಿದ್ದರೆ ಕಾಡಿನೊಳಗಿನ ಆವರಣದಲ್ಲಿ ಕನಿಷ್ಠ ಎರಡು ವರ್ಷ ಬೆಳೆಸಿ, ಐವತ್ತಾದರೂ ಬೇಟೆಗಳನ್ನು ತಾನೇ ಮಾಡಿದ ಮೇಲೆ ಬಿಡಬಹುದು.

ಆನೆಯ ವಿಷಯದಲ್ಲಿ ತೀರ್ಮಾನ ಬಹುಮಟ್ಟಿಗೆ ಆಯಾ ರಾಜ್ಯದ ಅಧಿಕಾರಿಗಳ ಮತ್ತು ಪಶುವೈದ್ಯರ ವಿವೇಚನೆಗೆ ಸೇರಿದ್ದು. ಅದಕ್ಕೆ ಕಾರಣಗಳೂ ಇವೆ. ನಮ್ಮಲ್ಲಿ ಮತ್ತಿಗೋಡು, ದುಬಾರೆ, ಸಕ್ರೆಬೈಲಿನಂಥ ಶಿಬಿರಗಳಿವೆ, ಸಾಕಾನೆಗಳಿವೆ, ತಲೆಮಾರುಗಳಿಂದ ಆನೆಯ ಮೈ ಬಲ್ಲ ಮಾವುತರು, ಕಾವಾಡಿಗಳಿದ್ದಾರೆ. ಗಾಯಗೊಂಡ ಆನೆ ನೀರಿನ ಹತ್ತಿರ, ತೋಟಗಳ ಹತ್ತಿರ ಉಳಿದು ಕಣ್ಣಿಗೆ ಬೀಳುತ್ತಿರುತ್ತದೆ. ಗಾಯಗೊಂಡ ಹುಲಿ ಲಂಟಾನದ ಪೊದೆ ಸೇರಿಬಿಡುತ್ತದೆ. ಆನೆಗೆ ಚಿಕಿತ್ಸೆ, ಹುಲಿಗೆ ಇಲ್ಲ ಎಂಬ ತಾರತಮ್ಯದಂತೆ ಕಾಣುವುದರ ಹಿಂದೆ ಇಷ್ಟೆಲ್ಲ ಇದೆ.

ಮೊದಲು ಕೇಳಬೇಕಾದ್ದು: ಗಾಯ ಯಾರಿಂದಾಯಿತು?

ಜಗತ್ತಿನ ಬಹುಪಾಲು ಅಭಯಾರಣ್ಯಗಳಲ್ಲಿ ಬರೆದೋ ಬರೆಯದೆಯೋ ಪಾಲಿಸುವ ಸೂತ್ರ ಸರಳ. ನೋವಿಗೆ ಮನುಷ್ಯ ಕಾರಣನಾದರೆ ಮನುಷ್ಯನೇ ಸರಿಪಡಿಸಬೇಕು. ಕಾಡಿನ ಬದುಕೇ ಕಾರಣವಾದರೆ ಕಾಡಿಗೆ ಬಿಡಬೇಕು.

ಮೊದಲ ಗುಂಪಿಗೆ ಸೇರಿದ್ದು ನಮ್ಮಲ್ಲಿ ಕಡಿಮೆಯಿಲ್ಲ. ಕಾಡುಹಂದಿಗೆಂದು ಬೈಕಿನ ಕ್ಲಚ್ ವೈರಿನಲ್ಲಿ ಕಟ್ಟಿದ ಉರುಳಿಗೆ ಚಿರತೆಯ ಸೊಂಟ ಸಿಕ್ಕಿಕೊಳ್ಳುತ್ತದೆ. ಬೇಲಿಗೆ ನೇರವಾಗಿ ಹರಿಸಿದ ಮನೆಯ ಕರೆಂಟು ಆನೆಯನ್ನು ಕೊಲ್ಲುತ್ತದೆ. ಹಣ್ಣಿನೊಳಗೆ ಅಡಗಿಸಿದ ಸಿಡಿಮದ್ದು ಬಾಯನ್ನು ಸೀಳುತ್ತದೆ. 2020ರ ಮೇ 27ರಂದು ಪಾಲಕ್ಕಾಡಿನ ವೆಳ್ಳಿಯಾರ್ ಹೊಳೆಯಲ್ಲಿ ನಿಂತೇ ಸತ್ತ ಗಬ್ಬದ ಆನೆ ಇಂಥ ಸಿಡಿಮದ್ದಿಗೆ ಬಲಿಯಾದದ್ದು. ದವಡೆ ಒಡೆದು ದಿನಗಟ್ಟಲೆ ಮೇಯಲಾಗದೆ ಸೊರಗಿದ್ದ ಅದನ್ನು ದಡಕ್ಕೆ ತರಲು ಎರಡು ಕುಮ್ಕಿಗಳನ್ನು ಕರೆಸಿದರೂ ಕಾಲ ಮೀರಿತ್ತು.

ಎರಡನೆಯ ಗುಂಪಿನಲ್ಲಿ ಗಡಿಗಾಗಿ ಹುಲಿಗಳ ಕಾದಾಟ, ಮದವೇರಿದ ಸಲಗಗಳ ತಿವಿತ, ಸೀಳುನಾಯಿಗಳು ಜೀವಂತವಾಗಿಯೇ ಹರಿಯುವ ಕಡವೆ, ಹಲ್ಲು ಸವೆದು ಮೇಯಲಾಗದ ಮುದಿ ಆನೆ. ನೋಡಲು ಇವು ಮೊದಲ ಗುಂಪಿನಷ್ಟೇ ಘೋರ.

ಪ್ರಾಣಿಹಕ್ಕುಗಳ ಪರವಾಗಿ ಯೋಚಿಸುವವರು ಈ ಸೂತ್ರಕ್ಕೆ ಒಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ. ತಿವಿದದ್ದು ಇನ್ನೊಂದು ಆನೆಯ ಕೊಂಬೋ ಬೇಲಿಯ ಕಬ್ಬಿಣವೋ, ನೋಯುವ ಆನೆಗೆ ನೋವು ಒಂದೇ ಅಲ್ಲವೇ? ಹೌದು, ಒಂದೇ. ಇದನ್ನು ಅಲ್ಲಗಳೆಯುವ ಉತ್ತರ ಸಂರಕ್ಷಣಾ ತಜ್ಞರ ಬಳಿ ಇಲ್ಲ. ಅವರು ಹೇಳುವುದು ಬೇರೆ. ಉರುಳನ್ನು ಬಿಡಿಸಿದರೆ ನೋವಿನ ಮೂಲವೇ ಹೋಗುತ್ತದೆ, ಮುಂದಿನ ಉರುಳನ್ನು ತಡೆಯುವುದೂ ನಮ್ಮ ಕೈಯಲ್ಲಿದೆ. ಹುಲಿಗಳ ಕಾದಾಟವನ್ನು ತಡೆಯಲು ಹೊರಟರೆ ಕಾಡನ್ನು ಪ್ರಾಣಿ ಸಂಗ್ರಹಾಲಯ ಮಾಡುವುದೊಂದೇ ದಾರಿ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಹುಟ್ಟಿದ ಮರಿಗಳಲ್ಲಿ ಸುಮಾರು ಅರ್ಧ ಪ್ರಾಯಕ್ಕೆ ಬರುವುದಿಲ್ಲ. ಎಲ್ಲಕ್ಕೂ ಔಷಧ ಹಚ್ಚಿ ಬದುಕಿಸಿದರೆ ಅವು ಹೋಗುವುದೆಲ್ಲಿಗೆ? ಜಾಗವಿಲ್ಲದ ಎಳೆಯ ಗಂಡುಹುಲಿಗಳು ಈಗಲೇ ಕಾಡಂಚಿನ ಕಬ್ಬಿನ ಗದ್ದೆ, ಹತ್ತಿಯ ಹೊಲ ಸೇರುತ್ತಿವೆ.

ಈ ವಾದ ಒಪ್ಪುವಂಥದ್ದೇ. ಆದರೆ ಬೇರೆ ಮಾಡುವುದು ಕಾಗದದ ಮೇಲಿನಷ್ಟು ಸುಲಭವಲ್ಲ. ಕುಂಟುವ ಆನೆಯ ಪಾದಕ್ಕೆ ಮುಳ್ಳು ಚುಚ್ಚಿತೋ, ಯಾರೋ ಇಟ್ಟ ಮೊಳೆಯ ಹಲಗೆಯೋ, ಹತ್ತಿರಕ್ಕೆ ಹೋಗದೆ ತಿಳಿಯುವುದಿಲ್ಲ. ಕೊಂಬಿನ ತಿವಿತವೂ ನಾಡಬಂದೂಕಿನ ಗುಂಡೂ ಹತ್ತು ದಿನ ಕಳೆದು ಕೀವುಗಟ್ಟಿದ ಮೇಲೆ ದೂರದಿಂದ ಒಂದೇ ಥರ ಕಾಣುತ್ತವೆ. ಅನುಮಾನವಿದ್ದಾಗ ಮನುಷ್ಯನೇ ಕಾರಣವೆಂದು ಭಾವಿಸಿ ಪರೀಕ್ಷೆಗೆ ಮುಂದಾಗುವುದು ಮೇಲು. ಆದರೆ ಆ ಪರೀಕ್ಷೆಗೂ ಅಪಾಯದ ಬೆಲೆಯಿದೆ.

ಡಾರ್ಟ್ ಹೊಡೆದ ಮೇಲೆ ಏನಾಗುತ್ತದೆ

'ಅರಿವಳಿಕೆ ಕೊಟ್ಟು ಔಷಧ ಹಚ್ಚಿ ಬಿಟ್ಟರೆ ಮುಗಿಯಿತಲ್ಲ' ಎಂಬುದು ವಿಡಿಯೋ ನೋಡಿದವರ ಸಾಮಾನ್ಯ ಮಾತು. ಹೆಚ್ಚಿನ ಪ್ರಾಣಿಗಳು ಸಾಯುವುದೂ, ಮನುಷ್ಯರು ಸಾಯುವುದೂ ಈ ನಡುವಿನ ಹಂತದಲ್ಲೇ.

ಮೊದಲ ತೊಡಕು ತೂಕ. ಅರಿವಳಿಕೆಯ ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ, ಕಾಡಾನೆಯನ್ನು ತೂಗುವಂತಿಲ್ಲ. ಮುಂಗಾಲಿನ ಹೆಜ್ಜೆಗುರುತಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಏಷ್ಯಾದ ಆನೆಯ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಎತ್ತರದಿಂದ ತೂಕವನ್ನು ಅಂದಾಜಿಸುತ್ತಾರೆ. ಆದರೆ ವಾರಗಟ್ಟಲೆ ನರಳಿ ಸೊರಗಿದ ಆನೆಯ ತೂಕ ಎತ್ತರಕ್ಕೆ ತಕ್ಕಂತೆ ಇರುವುದಿಲ್ಲ, ಅದರ ಯಕೃತ್ತು, ಮೂತ್ರಪಿಂಡಗಳು ಔಷಧವನ್ನು ಸಹಜ ವೇಗದಲ್ಲಿ ಹೊರಹಾಕುವುದೂ ಇಲ್ಲ. ಚಿಕಿತ್ಸೆ ಯಾವ ಪ್ರಾಣಿಗೆ ಹೆಚ್ಚು ಬೇಕೋ ಅದಕ್ಕೇ ಅರಿವಳಿಕೆ ಹೆಚ್ಚು ಅಪಾಯ.

ಎರಡನೆಯದು ಸಮಯ. ನಮ್ಮಲ್ಲಿ ಆನೆಗೆ ಹೆಚ್ಚಾಗಿ ಬಳಸುವುದು ಜೈಲಜೀನ್, ಕೆಲವೊಮ್ಮೆ ಅದರ ಜೊತೆ ಕೆಟಮಿನ್. ಡಾರ್ಟ್ ಬಿದ್ದು ಮಂಪರು ಹತ್ತಲು ಕಾಲು ಗಂಟೆಯೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಅಷ್ಟರಲ್ಲಿ ಬೆದರಿದ ಆನೆ ಕಿಲೋಮೀಟರುಗಟ್ಟಲೆ ಹೋಗಿರಬಹುದು, ಕೆರೆಗೆ ಇಳಿದಿರಬಹುದು, ಕಂದಕಕ್ಕೆ ಬಿದ್ದಿರಬಹುದು. ಮಂಪರಿನಲ್ಲಿ ನೀರಿಗೆ ಬಿದ್ದರೆ ಸೊಂಡಿಲು ಎತ್ತಲಾಗದೆ ಮುಳುಗುತ್ತದೆ. ಅದಕ್ಕೇ ಅನುಭವಿ ತಂಡ ಡಾರ್ಟ್ ಹೊಡೆಯುವ ಮೊದಲು ಸುತ್ತಲಿನ ಕೆರೆ, ಹಳ್ಳ, ವಿದ್ಯುತ್ ಬೇಲಿ, ರಸ್ತೆಗಳ ನಕ್ಷೆ ಹಿಡಿದು ಕೂರುತ್ತದೆ ಮತ್ತು ಬಿಸಿಲೇರುವ ಮೊದಲೇ ಕೆಲಸ ಶುರುಮಾಡುತ್ತದೆ. ಡಾರ್ಟ್ ಬಂದೂಕಿನಿಂದ ಗುರಿ ಸರಿಯಾಗಿ ಬೀಳಬೇಕಾದರೆ ಕೆಲವು ಹತ್ತು ಮೀಟರುಗಳಷ್ಟು ಸಮೀಪಕ್ಕೆ ನಡೆದು ಹೋಗಬೇಕು. ಡಾರ್ಟ್ ತಗುಲಿದ ಕ್ಷಣದಿಂದ ಮಂಪರು ಹತ್ತುವವರೆಗಿನ ಅವಧಿಯಲ್ಲಿ ಆ ಮನುಷ್ಯನಿಗೂ ಆನೆಗೂ ನಡುವೆ ಏನೂ ಇರುವುದಿಲ್ಲ. ಕಾಫಿ ತೋಟಗಳಲ್ಲಂತೂ ಗಿಡಗಳ ಸಾಲಿನಿಂದಾಗಿ ಓಡಲೂ ದಾರಿಯಿಲ್ಲ. ಸಾಕಾನೆಗಳು ಜೊತೆಗಿರುವುದು ಈ ಕಾರಣಕ್ಕೆ, ಅವಕ್ಕೂ ಅಪಾಯ ತಪ್ಪಿದ್ದಲ್ಲ. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಸತ್ತದ್ದು ಕಾಡಾನೆ ಕಾರ್ಯಾಚರಣೆಯಲ್ಲೇ.

ಮೂರನೆಯದು ಬೀಳುವ ಭಂಗಿ. ಆನೆಯ ಶ್ವಾಸಕೋಶ ಎದೆಗೂಡಿನ ಗೋಡೆಗೆ ಅಂಟಿಕೊಂಡಿರುತ್ತದೆ. ಉಸಿರಾಡಲು ಎದೆ ಮತ್ತು ವಪೆ ಎರಡೂ ಅಲುಗಬೇಕು. ಮುಂದಕ್ಕೆ ಮುಗ್ಗರಿಸಿ ಎದೆಯ ಮೇಲೆ ಕುಸಿದರೆ ತನ್ನ ಭಾರಕ್ಕೆ ತಾನೇ ಉಸಿರುಗಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ಹಗ್ಗ ಹಾಕಿ ಸಾಕಾನೆಯಿಂದ ಎಳೆಸಿ ಪಕ್ಕಕ್ಕೆ ಉರುಳಿಸದಿದ್ದರೆ ಉಳಿಯುವುದಿಲ್ಲ. ನಿಂತೇ ಮಂಪರಿನಲ್ಲಿರುವಷ್ಟು ಮಾತ್ರ ಔಷಧ ಕೊಟ್ಟು ಚಿಕಿತ್ಸೆ ಮುಗಿಸಲು ವೈದ್ಯರು ಹೆಣಗುವುದು ಇದನ್ನು ತಪ್ಪಿಸಲು.

ಜಿಂಕೆ, ಕಡವೆಗಳ ಕಥೆ ಇನ್ನೂ ಕಷ್ಟದ್ದು. ಅಟ್ಟಿಸಿಕೊಂಡು ಓಡಿದಾಗ, ಬಲೆಯಲ್ಲಿ ಒದ್ದಾಡಿದಾಗ ಅವುಗಳ ಸ್ನಾಯು ಒಳಗೊಳಗೇ ಕರಗತೊಡಗುತ್ತದೆ. ಅದರ ಪ್ರೋಟೀನು ರಕ್ತಕ್ಕಿಳಿದು ಮೂತ್ರಪಿಂಡವನ್ನು ಕಟ್ಟುತ್ತದೆ, ಮೈ ಬಿಸಿ ಏರುತ್ತದೆ. ಬಿಟ್ಟಾಗ ಎದ್ದು ಓಡಿದ ಜಿಂಕೆ ಗಂಟೆಗಳ ನಂತರವೋ ದಿನಗಳ ನಂತರವೋ ಪೊದೆಯಲ್ಲಿ ಸತ್ತು ಬೀಳುತ್ತದೆ. ಬಿಡುಗಡೆಯ ದೃಶ್ಯ ಮೊಬೈಲಿನಲ್ಲಿರುತ್ತದೆ, ಸಾವಿನದು ಇರುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟುವುದು, ಕಿವಿ ಮುಚ್ಚುವುದು, ಮೈಗೆ ನೀರು ಸುರಿಯುವುದು, ಸುತ್ತಲಿನ ಜನರನ್ನು ದೂರ ಕಳಿಸುವುದು ಇಂಥ ಸಾವನ್ನು ಸ್ವಲ್ಪ ತಗ್ಗಿಸುತ್ತವೆ.

ಸೆರೆ ಮತ್ತು ಸಾಗಣೆಯ ಆಘಾತ ಆನೆಗೂ ಕಡಿಮೆಯಲ್ಲ. 'ತಣ್ಣೀರ್ ಕೊಂಬನ್' ಎಂದು ಕೇರಳದವರು ಕರೆದ ಸಲಗವನ್ನು 2024ರ ಜನವರಿಯಲ್ಲಿ ಹಾಸನದಲ್ಲಿ ಹಿಡಿದು, ಕಾಲರ್ ತೊಡಿಸಿ ಬಂಡೀಪುರದಲ್ಲಿ ಬಿಡಲಾಗಿತ್ತು. ಫೆಬ್ರವರಿ 2ರಂದು ಅದು ವಯನಾಡಿನ ಮಾನಂದವಾಡಿ ಪಟ್ಟಣದಲ್ಲಿ ಕಾಣಿಸಿಕೊಂಡಿತು. ಜನಜಂಗುಳಿಯ ನಡುವೆ ಮತ್ತೆ ಡಾರ್ಟ್, ಮತ್ತೆ ಲಾರಿ. ಬಂಡೀಪುರದ ರಾಮಾಪುರ ಶಿಬಿರ ಮುಟ್ಟಿದ ಮೇಲೆ ಮರುದಿನವೇ ಸತ್ತಿತು. ಮೂರು ವಾರದೊಳಗೆ ಎರಡು ಸೆರೆ, ಎರಡು ಪ್ರಯಾಣ.

ಇಷ್ಟೆಲ್ಲ ದಾಟಿ ಗಾಯದ ಬಳಿ ತಲುಪಿದರೂ ವೈದ್ಯರಿಗೆ ಸಿಗುವುದು ಬಹುತೇಕ ಒಂದೇ ಅವಕಾಶ. ನಾಳೆ ಡ್ರೆಸ್ಸಿಂಗ್ ಬದಲಿಸಲು ಬಾ ಎಂದು ಹೇಳುವಂತಿಲ್ಲ. ಹುಳ ತೆಗೆದು, ಸತ್ತ ಮಾಂಸ ಕೆರೆದು, ನೊಣ ಕೂರದಂತೆ ಮುಲಾಮು ಹಚ್ಚಿ, ಕೆಲವು ದಿನ ಕೆಲಸ ಮಾಡುವ ದೀರ್ಘಾವಧಿಯ ಆಂಟಿಬಯೋಟಿಕ್ ಚುಚ್ಚಿ, ಅರಿವಳಿಕೆ ಇಳಿಸುವ ಔಷಧ ಕೊಟ್ಟು ಹಿಂದೆ ಸರಿಯಬೇಕು. ಮೇಲ್ಮೈ ಗಾಯಕ್ಕೆ, ಉರುಳಿನ ಕೊಯ್ತಕ್ಕೆ, ಹೊರಗೆ ಒಡೆಸಬಹುದಾದ ಕೀವುಗಂಟಿಗೆ ಇಷ್ಟು ಸಾಕಾಗುತ್ತದೆ. ಮೂಳೆಯೊಳಗೆ ನಂಜೇರಿದ್ದರೆ, ಕೀಲು ಮುರಿದಿದ್ದರೆ ಸಾಕಾಗುವುದಿಲ್ಲ. ಅತಿರಪ್ಪಿಳ್ಳಿಯಲ್ಲಿ ಆದದ್ದು ಇದೇ: ಒಂದು ಬಾರಿಯ ಚಿಕಿತ್ಸೆಗೆ ಬಗ್ಗುವ ಗಾಯ ಅದಾಗಿರಲಿಲ್ಲ. ಬಾಳೆಹಣ್ಣು, ಬೆಲ್ಲ, ಹಲಸಿನಲ್ಲಿ ಮಾತ್ರೆಯಿಟ್ಟು ಕೊಡುವ ಪ್ರಯತ್ನಗಳೂ ನಡೆಯುತ್ತವೆ. ಹಣ್ಣನ್ನು ಗಾಯಾಳುವೇ ತಿಂದಿತೇ, ಎಷ್ಟು ತಿಂದಿತು ಎಂಬ ಲೆಕ್ಕ ಸಿಗುವುದಿಲ್ಲ. ಮನುಷ್ಯರ ಕೈಯಿಂದ ಹಣ್ಣು ಸಿಗುತ್ತದೆ ಎಂದು ಕಲಿತ ಆನೆ ಆಮೇಲೆ ರಸ್ತೆಗೇ ಬಂದು ನಿಲ್ಲುತ್ತದೆ.

ಔಷಧದ ಆಯ್ಕೆಗೂ ಕಾಡಿನ ಲೆಕ್ಕವೇ ಬೇರೆ. ಚಿಕಿತ್ಸೆ ಪಡೆದ ಪ್ರಾಣಿ ಸತ್ತರೆ ಅದನ್ನು ರಣಹದ್ದುಗಳು ತಿನ್ನುತ್ತವೆ. ಜಾನುವಾರುಗಳಿಗೆ ಕೊಟ್ಟ ನೋವುನಿವಾರಕ ಡೈಕ್ಲೋಫಿನಾಕ್ ನಮ್ಮ ದೇಶದ ರಣಹದ್ದುಗಳನ್ನು ನಿರ್ನಾಮದ ಅಂಚಿಗೆ ತಳ್ಳಿದ್ದರಿಂದ 2006ರಲ್ಲಿ ಅದರ ಪಶುಬಳಕೆಯನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್‌ಗಳಿಗೂ ನಿಷೇಧ ಬಂತು. ಬಂಡೀಪುರ, ಮುದುಮಲೈ, ವಯನಾಡು ಸೇರಿದ ಕಾಡು ದಕ್ಷಿಣ ಭಾರತದಲ್ಲಿ ಉಳಿದ ರಣಹದ್ದುಗಳ ಮುಖ್ಯ ನೆಲೆ. ಇಲ್ಲಿ ಹದ್ದುಗಳಿಗೆ ಸುರಕ್ಷಿತವೆಂದು ಗೊತ್ತಾಗಿರುವ ಮೆಲಾಕ್ಸಿಕಾಮ್‌ನಂಥದ್ದು ಬಿಟ್ಟು ಬೇರೆ ಕೊಟ್ಟರೆ, ಒಂದು ಆನೆಯ ನೋವು ತಗ್ಗಿಸಲು ಹೋಗಿ ಹದ್ದುಗಳ ಒಂದು ಹಿಂಡಿಗೇ ವಿಷವಿಟ್ಟಂತಾದೀತು.

ಬದುಕಿಸಿದ ಮೇಲಿನ ಬದುಕು

ರಣಥಂಬೋರಿನ ಪ್ರಖ್ಯಾತ ಹೆಣ್ಣುಹುಲಿ ಮಛಲಿಗೆ ಕೊನೆಯ ವರ್ಷಗಳಲ್ಲಿ ಕೋರೆಹಲ್ಲುಗಳಿರಲಿಲ್ಲ, ಒಂದು ಕಣ್ಣು ಹೋಗಿತ್ತು. ಬಲಿ ಕಟ್ಟಿ ಉಣಿಸಿ ಅದನ್ನು ಉಳಿಸಿಕೊಂಡರು. 2016ರ ಆಗಸ್ಟಿನಲ್ಲಿ ಸತ್ತಾಗ ಅದಕ್ಕೆ ಸುಮಾರು 19 ವರ್ಷ, ಕಾಡುಹುಲಿಯ ಸಾಮಾನ್ಯ ಆಯಸ್ಸಿಗಿಂತ ಎಷ್ಟೋ ಹೆಚ್ಚು. ಪ್ರವಾಸಿಗರು ಪ್ರೀತಿಸಿದ ಹುಲಿಗೆ ಸಿಕ್ಕ ಈ ಉಪಚಾರ ಹೆಸರಿಲ್ಲದ ಹುಲಿಗೆ ಸಿಗಲಾರದು. ಹೆಸರಿಟ್ಟ ಪ್ರಾಣಿಗೆ ಒಂದು ನ್ಯಾಯ, ಉಳಿದದ್ದಕ್ಕೆ ಇನ್ನೊಂದು ಎನ್ನುವುದು ವನ್ಯಜೀವಿ ನಿರ್ವಹಣೆಯಲ್ಲಿ ನಿಲ್ಲುವ ಮಾತಲ್ಲ.

ಹಿಡಿದು ತಂದ ಪ್ರಾಣಿ ಕಾಡಿಗೆ ಮರಳುವುದು ಅಪರೂಪ. ಕೋರೆಹಲ್ಲು ಮುರಿದ, ಕಾಲು ಊನವಾದ ಹುಲಿ, ಚಿರತೆಗಳು ಮೈಸೂರಿನ ಕೂರ್ಗಳ್ಳಿ, ಬೆಂಗಳೂರಿನ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಗಳಲ್ಲಿ ಉಳಿದ ಆಯುಷ್ಯ ಕಳೆಯುತ್ತವೆ. ನೋವಿನಿಂದ ಬಿಡುಗಡೆಯಾಗಿ ಸೆರೆವಾಸಕ್ಕೆ ಬರುವ ಈ ಬದಲಾವಣೆ ಒಳ್ಳೆಯದೇ ಎಂದು ಖಂಡಿತವಾಗಿ ಹೇಳುವುದು ಕಷ್ಟ. ಒಳ್ಳೆಯ ಉದಾಹರಣೆಗಳೂ ಇವೆ. ಮಧ್ಯಪ್ರದೇಶದ ಕಾನ್ಹಾದ ಘೋರೆಲ್ಲಾ ಆವರಣದಲ್ಲಿ ಬೆಳೆದ ಎರಡು ತಬ್ಬಲಿ ಅಕ್ಕತಂಗಿ ಹುಲಿಗಳನ್ನು 2011ರಲ್ಲಿ ಪನ್ನಾ ಕಾಡಿಗೆ ಬಿಟ್ಟಾಗ ಅವು ಬೇಟೆಯಾಡಿ ಮರಿಹಾಕಿ, ಹುಲಿಗಳೇ ಇಲ್ಲವಾಗಿದ್ದ ಆ ಕಾಡನ್ನು ಮತ್ತೆ ತುಂಬಲು ನೆರವಾದವು. ಅಲ್ಲಿ ಜಾಗ ಖಾಲಿಯಿತ್ತು ಎಂಬುದನ್ನು ಮರೆಯಬಾರದು.

'ಪ್ರಕೃತಿಗೆ ಬಿಡಿ' ಎನ್ನುವುದರ ಮಿತಿ

ಏನೂ ಮಾಡಬಾರದು ಎನ್ನುವವರು ನಮ್ಮ ಕಾಡುಗಳು ಮನುಷ್ಯನ ಕೈ ತಾಗದವು ಎಂದುಕೊಂಡಂತಿದೆ. ಬಂಡೀಪುರದಲ್ಲಿ ಬೇಸಿಗೆಗೆ ಸೋಲಾರ್ ಪಂಪಿನಿಂದ ಕೆರೆ ತುಂಬಿಸುತ್ತೇವೆ, ಬೆಂಕಿರೇಖೆ ಕಡಿಯುತ್ತೇವೆ. ಕಂದಕ, ರೈಲುಹಳಿಯ ಬೇಲಿ, ಹೆದ್ದಾರಿಗಳಿಂದ ಆನೆಗಳ ಹಳೆಯ ದಾರಿ ಮುಚ್ಚಿದ್ದೇವೆ. ಬರದಲ್ಲಿ ನೀರಿರುವ ಕಡೆಗೆ ವಲಸೆ ಹೋಗಲಾಗದ ಪ್ರಾಣಿ ಬಾಯಾರಿ ಸತ್ತರೆ ಅದು ಪೂರ್ತಿ ಸಹಜ ಸಾವಲ್ಲ.

ನೆದರ್ಲೆಂಡ್ಸಿನ ಓಸ್ಟ್‌ಫಾರ್ಡರ್ಸ್‌ಪ್ಲಾಸನ್ ಇದನ್ನು ಕಠೋರವಾಗಿ ತೋರಿಸಿತು. ಸಮುದ್ರದಿಂದ ಪಡೆದ ನೆಲದಲ್ಲಿ ಬೇಲಿಯೊಳಗೆ ಕುದುರೆ, ದನ, ಕೆಂಪು ಜಿಂಕೆಗಳನ್ನು ಬಿಟ್ಟು ಎಲ್ಲವನ್ನೂ ಪ್ರಕೃತಿಗೆ ಒಪ್ಪಿಸಿದ್ದರು. ತೋಳಗಳಿರಲಿಲ್ಲ, ಹೊರಗೆ ಹೋಗಲು ದಾರಿಯಿರಲಿಲ್ಲ. 2017-18ರ ಚಳಿಗಾಲದಲ್ಲಿ ಮೇವಿಲ್ಲದೆ 3,000ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಬದುಕಲಾರವೆಂದು ಕಂಡವನ್ನು ಸಿಬ್ಬಂದಿಯೇ ಗುಂಡಿಕ್ಕಿದ್ದರಿಂದ ಆದ ಸಾವುಗಳೇ ಅದರಲ್ಲಿ ಹೆಚ್ಚು. ಜನ ಬೇಲಿಯಾಚೆಯಿಂದ ಹುಲ್ಲು ಎಸೆದರು, ಕೊನೆಗೆ ನೀತಿಯೇ ಬದಲಾಯಿತು. ಬೇಲಿ ಹಾಕಿದ ಮೇಲೆ ಹೊಣೆಯೂ ಬರುತ್ತದೆ.

ಹಾಗೆಂದು ಕೈತುಂಬ ಕೊಟ್ಟರೂ ಕೆಡುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ಬರದ ಸಂಕಟ ತಪ್ಪಿಸಲೆಂದು ನೂರಾರು ಕೊಳವೆಬಾವಿ ಕೊರೆದರು. ನೀರು ಸಿಕ್ಕಿದ್ದರಿಂದ ಜೀಬ್ರಾ ಮತ್ತು ವೈಲ್ಡ್‌ಬೀಸ್ಟ್‌ಗಳು ಒಣ ಉತ್ತರ ಭಾಗಕ್ಕೂ ಹಬ್ಬಿದವು, ಅವುಗಳ ಹಿಂದೆ ಸಿಂಹಗಳು ಬಂದವು. ಅಲ್ಲಿ ಅದುವರೆಗೆ ನೆಮ್ಮದಿಯಿಂದಿದ್ದ ಅಪರೂಪದ ರೋನ್ ಆಂಟೆಲೋಪ್ 1986ರಲ್ಲಿ ಸುಮಾರು 450 ಇದ್ದದ್ದು 1993ರ ಹೊತ್ತಿಗೆ 45ರ ಆಸುಪಾಸಿಗೆ ಇಳಿಯಿತು. ಕೊನೆಗೆ ಉದ್ಯಾನವೇ ಎಷ್ಟೋ ಬಾವಿಗಳನ್ನು ಮುಚ್ಚಬೇಕಾಯಿತು. ನಮ್ಮಲ್ಲಿ ಪ್ರತಿ ಬೇಸಿಗೆಗೂ ಹೊಸ ಬೋರ್‌ವೆಲ್ ಬೇಕೆಂದು ಒತ್ತಾಯಿಸುವವರು ಈ ಲೆಕ್ಕವನ್ನು ನೋಡಬೇಕು.

ಸಂಖ್ಯೆ ಕಡಿಮೆಯಾದಾಗ, ರೋಗ ಬಂದಾಗ

ಪರ್ವತ ಗೊರಿಲ್ಲಾಗಳು ಜಗತ್ತಿನಲ್ಲಿ ಉಳಿದಿರುವುದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ರುವಾಂಡಾ, ಉಗಾಂಡಾ, ಕಾಂಗೋಗಳಲ್ಲಿ ಪಶುವೈದ್ಯರು ಕಾಡಿನಲ್ಲೇ ಅವುಗಳ ಉರುಳು ಬಿಡಿಸುತ್ತಾರೆ, ಜೀವಕ್ಕೆ ಅಪಾಯವಿರುವ ಕಾಯಿಲೆಗೆ ಔಷಧ ಕೊಡುತ್ತಾರೆ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವಿರುಂಗಾ ಬೆಟ್ಟಗಳಲ್ಲಿ ಹೀಗೆ ನಿತ್ಯ ಕಣ್ಗಾವಲಿದ್ದ ಗುಂಪುಗಳು ವರ್ಷಕ್ಕೆ ಶೇ 4.1ರಂತೆ ಬೆಳೆದವು, ಇಲ್ಲದವು ಶೇ 0.7ರಂತೆ ಕುಗ್ಗಿದವು. ಪ್ರತಿ ಜೀವವೂ ಇಡೀ ಸಂತತಿಗೆ ಲೆಕ್ಕಕ್ಕೆ ಬರುವಾಗ ಕೈಹಾಕುವುದೇ ಸರಿ.

ಗಿರ್ ಸಿಂಹಗಳಿಗೂ ಇದೇ ತರ್ಕ ಅನ್ವಯಿಸುತ್ತ ಬಂದರು. ಗಾಯವಾದರೆ ಹಿಡಿದು, ಸಾಸಣ್‌ನ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟು ಬಿಡುವುದು ಅಲ್ಲಿ ಮಾಮೂಲಿ. ಈಗ ಸಿಂಹಗಳ ಸಂಖ್ಯೆ 2025ರ ಗಣತಿಯಂತೆ 891. ಆದರೆ 2018ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ದಲ್ಖಾಣಿಯಾ ವಲಯದಲ್ಲಿ 23 ಸಿಂಹಗಳು ಸತ್ತವು, ನಾಯಿಗಳಿಂದ ಹರಡುವ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು. ಎಲ್ಲವೂ ಒಂದೇ ಪ್ರದೇಶದಲ್ಲಿದ್ದರೆ ಎಂಥ ಆಸ್ಪತ್ರೆಯೂ ಸಾಲದು. ಕೆಲವನ್ನು ಮಧ್ಯಪ್ರದೇಶದ ಕುನೋಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು, ಅದು ಜಾರಿಯಾಗಲಿಲ್ಲ. ಒಂದೊಂದೇ ಸಿಂಹಕ್ಕೆ ಚಿಕಿತ್ಸೆ ಕೊಡುವ ಕಾಳಜಿ ಕಣ್ಣಿಗೆ ಕಾಣುತ್ತದೆ, ಇಡೀ ಸಂತತಿಯನ್ನು ಕಾಯುವ ಬೇಸರದ ಕೆಲಸ ಹಿಂದೆ ಬೀಳುತ್ತದೆ.

1994ರಲ್ಲಿ ಇದೇ ರೋಗ ಸೆರೆಂಗೆಟಿಯ ಸಿಂಹಗಳಲ್ಲಿ ಮೂರನೇ ಒಂದು ಭಾಗವನ್ನು ಕೊಂದಿತ್ತು. ಅಲ್ಲಿ ನಂತರದ ವರ್ಷಗಳಲ್ಲಿ ಲಸಿಕೆ ಹಾಕಿದ್ದು ಸುತ್ತಲ ಹಳ್ಳಿಗಳ ನಾಯಿಗಳಿಗೆ. ವೈರಸ್ ಪೂರ್ತಿ ಅಳಿಯದಿದ್ದರೂ ಸಿಂಹಗಳನ್ನು ಹಿಡಿಯದೆ ಅಪಾಯ ತಗ್ಗಿಸುವ ದಾರಿ ಅದು. ನಮ್ಮ ಕಾಯ್ದೆಯಲ್ಲೂ ಅಭಯಾರಣ್ಯದ ಐದು ಕಿಲೋಮೀಟರಿನೊಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆಂಬ 33ಎ ಸೆಕ್ಷನ್ ಇದೆ. ಕಾಡಂಚಿನ ನಾಯಿಗಳಿಗೂ ಇದನ್ನು ಶ್ರದ್ಧೆಯಿಂದ ಮಾಡಿದರೆ ಉಳಿಯುವ ಜೀವಗಳು ಯಾವ ವಿಡಿಯೋದಲ್ಲೂ ಬರುವುದಿಲ್ಲ.

ದಯಾಮರಣ: ಮುಂದೂಡುವ ನಿರ್ಧಾರ

2016ರಲ್ಲಿ ರಾಮನಗರದ ಮಂಚನಬೆಲೆ ಹಿನ್ನೀರಿನಲ್ಲಿ ಮುಂಗಾಲು ಮುರಿದುಕೊಂಡ ಸಿದ್ದ ಎಂಬ ಆನೆಗಾಗಿ ಇಡೀ ರಾಜ್ಯ ಮಿಡಿಯಿತು. ವೈದ್ಯರು ಬಂದರು, ಸೇನೆಯ ಎಂಜಿನಿಯರುಗಳು ಆನೆ ಒರಗಿ ನಿಲ್ಲಲು ಉಕ್ಕಿನ ಚೌಕಟ್ಟು ಕಟ್ಟಿಕೊಟ್ಟರು. ಸುಮಾರು ಮೂರು ತಿಂಗಳ ನರಳಾಟದ ನಂತರ ಡಿಸೆಂಬರಿನಲ್ಲಿ ಸಿದ್ದ ಸತ್ತ. ಯಾರ ಶ್ರಮದಲ್ಲೂ ಕೊರತೆಯಿರಲಿಲ್ಲ. ಟನ್ನುಗಟ್ಟಲೆ ತೂಗುವ, ದಿನದ ಬಹುಭಾಗ ನಿಂತೇ ಇರಬೇಕಾದ ಪ್ರಾಣಿಯ ಮುಂಗಾಲಿನ ಮೂಳೆ ಮುರಿದರೆ ಕೂಡಿಸುವ ವಿಧಾನ ನಮ್ಮಲ್ಲಿಲ್ಲ. ಬಿದ್ದಲ್ಲೇ ಮಲಗಿದರೆ ಕೆಳಗಿನ ಸ್ನಾಯು ಸಾಯುತ್ತದೆ, ಶ್ವಾಸಕೋಶ ಕುಗ್ಗುತ್ತದೆ, ಒತ್ತುಹುಣ್ಣಾಗುತ್ತದೆ. ಆ ಮೂರು ತಿಂಗಳು ಆನೆಗೆ ಏನಾಗಿತ್ತು ಎಂಬುದನ್ನು ನಾವು ಕೇಳಿಕೊಳ್ಳಬೇಕು.

ಕಾಯ್ದೆಯ 11ನೇ ಸೆಕ್ಷನ್ ಗುಣವಾಗದಷ್ಟು ಊನಗೊಂಡ ಅಥವಾ ರೋಗಕ್ಕೀಡಾದ, ಅತಿ ಹೆಚ್ಚು ರಕ್ಷಣೆಯಿರುವ ಮೊದಲ ಪರಿಚ್ಛೇದದ ಪ್ರಾಣಿಯನ್ನೂ ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಧಿಕಾರ ಕೊಟ್ಟಿದೆ, ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕೆಂಬ ಷರತ್ತಿನೊಂದಿಗೆ. ಅಧಿಕಾರವಿದೆ, ಬಳಕೆ ಅಪರೂಪ. ಗಣೇಶನ ರೂಪವೆಂದು ಪೂಜಿಸುವ ಪ್ರಾಣಿಯನ್ನು ಕೊಲ್ಲಲು ಸಹಿ ಹಾಕುವ ಅಧಿಕಾರಿಯ ಮೇಲೆ ಬೀಳುವ ಆಕ್ರೋಶ, ಕೋರ್ಟು, ರಾಜಕೀಯ ಎಲ್ಲವೂ ಅವರಿಗೆ ಗೊತ್ತಿದೆ. ಏನೂ ಮಾಡದೆ ಕಾಯುವವರನ್ನು ಯಾರೂ ಪ್ರಶ್ನಿಸುವುದಿಲ್ಲ. ಈ ಭಯದ ಬೆಲೆ ತೆರುವುದು ಪ್ರಾಣಿ. ಪಶುವೈದ್ಯರ ಸಮಿತಿ ಗುಣವಾಗುವುದಿಲ್ಲವೆಂದು ತೀರ್ಮಾನಿಸಿದ ಮೇಲೆ ನೋವಿಲ್ಲದ ಸಾವು ಕೊಡುವುದು ಆ ಪ್ರಾಣಿಗೆ ನಾವು ಮಾಡಬಹುದಾದ ಕೊನೆಯ ಉಪಕಾರ. ಅದನ್ನು ದಿನಗಳೊಳಗೆ ಮಾಡಬೇಕು, ತಿಂಗಳುಗಳ ಬಳಿಕ ಅಲ್ಲ. ದಯಾಮರಣದ ಔಷಧ ಮಾಂಸದಲ್ಲಿ ಉಳಿಯುವುದರಿಂದ ಕಳೇಬರವನ್ನು ಕಾಡಿಗೆ ಬಿಡದೆ ಸುಡುವುದೋ ಆಳವಾಗಿ ಹೂಳುವುದೋ ಆಗಲೇಬೇಕು.

ಈಗಿನಂತೆಯೇ ನಡೆದರೆ

ವಿಡಿಯೋ ಹರಿದಾಡಿದರೆ ಕಾರ್ಯಾಚರಣೆ, ಇಲ್ಲದಿದ್ದರೆ ಮೌನ ಎಂಬಂತೆ ಸಾಗಿದರೆ ಆಗುವುದು ಸ್ಪಷ್ಟ. ಸಫಾರಿ ರಸ್ತೆಯ ಪಕ್ಕದ ಪ್ರಾಣಿಗೆ ಬೇಡದಿದ್ದರೂ ಡಾರ್ಟ್ ಬೀಳುತ್ತದೆ, ಕಾಡಿನ ನಡುವೆ ಉರುಳಿಗೆ ಸಿಕ್ಕ ಪ್ರಾಣಿ ಕಾಣದೆ ಸಾಯುತ್ತದೆ. ಒತ್ತಡದಲ್ಲಿ ಮಧ್ಯಾಹ್ನದ ಬಿಸಿಲಲ್ಲಿ, ಜನಸಂದಣಿಯ ನಡುವೆ ನಡೆಸುವ ಕಾರ್ಯಾಚರಣೆಗಳಿಂದ ಸಿಬ್ಬಂದಿಯ ಪ್ರಾಣಕ್ಕೂ ಕುತ್ತು. 2023ರ ಗಣತಿಯಂತೆ 6,395 ಆನೆಗಳಿರುವ, ದೇಶದಲ್ಲೇ ಅತಿ ಹೆಚ್ಚು ಆನೆಗಳ ರಾಜ್ಯದಲ್ಲಿ ಗಾಯಾಳುಗಳು ಪ್ರತಿ ವರ್ಷವೂ ಇದ್ದೇ ಇರುತ್ತವೆ.

ಬೇಕಾಗಿರುವುದು ದೊಡ್ಡದೇನಲ್ಲ. ಆನೆ, ಚಿರತೆ, ಕಾಟಿಗಳಿಗೂ ಹುಲಿಗೆ ಇರುವಂಥ ಬರೆದಿಟ್ಟ ಕಾರ್ಯವಿಧಾನ. ಪಶುಸಂಗೋಪನಾ ಇಲಾಖೆಯಿಂದ ಎರವಲು ಬಂದು ಕೆಲ ವರ್ಷಕ್ಕೆ ಹೊರಟುಹೋಗುವ ವೈದ್ಯರ ಬದಲು ಅರಣ್ಯ ಇಲಾಖೆಯದೇ ಕಾಯಂ ವೈದ್ಯರು. 24 ಗಂಟೆಯೊಳಗೆ 'ಚಿಕಿತ್ಸೆ, ಕಣ್ಗಾವಲು, ದಯಾಮರಣ' ಈ ಮೂರರಲ್ಲೊಂದನ್ನು ಬರೆದು ಹೇಳಬೇಕಾದ ಸಮಿತಿ. ಚಿಕಿತ್ಸೆ ಪಡೆದ ಪ್ರತಿ ಪ್ರಾಣಿ ತಿಂಗಳ ಬಳಿಕ ಬದುಕಿತ್ತೇ ಎಂಬ ದಾಖಲೆ, ಅದೂ ಎಲ್ಲರಿಗೂ ಸಿಗುವಂತೆ. ಇವೆಲ್ಲಕ್ಕಿಂತ ಮೊದಲು ಉರುಳು ಹುಡುಕಿ ಕೀಳುವ ಗಸ್ತು.

ಗಾಯಗೊಂಡ ಪ್ರಾಣಿ ಕಣ್ಣಿಗೆ ಬಿದ್ದವರು ಮಾಡಬೇಕಾದ್ದೂ ಇದೆ. ಹತ್ತಿರ ಹೋಗಬೇಡಿ, ನೀರು, ಹಣ್ಣು ಕೊಡಬೇಡಿ, ಮರಿಯನ್ನು ಎತ್ತಿಕೊಳ್ಳಬೇಡಿ. 2016ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಪ್ರವಾಸಿಗರು ಚಳಿಯಲ್ಲಿ ನಡುಗುತ್ತಿದೆ ಎಂದು ಕಾಡೆಮ್ಮೆಯ ಕರುವನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. ಹಿಂಡು ಅದನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ, ಸಿಬ್ಬಂದಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ನಮ್ಮಲ್ಲೂ ಕಬ್ಬು ಕಟಾವಿನಲ್ಲಿ ಸಿಕ್ಕ ಚಿರತೆ ಮರಿಯ ತಾಯಿ ಬಹುತೇಕ ಪಕ್ಕದ ಸಾಲಿನಲ್ಲೇ ಇರುತ್ತದೆ. ದೂರ ಸರಿದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಜಾಗ, ಹೊತ್ತು, ಯಾವ ಕಾಲು ಊರುತ್ತಿಲ್ಲ, ಗಾಯದಿಂದ ರಕ್ತವೋ ಕೀವೋ, ಮೇಯುತ್ತಿದೆಯೇ, ನೀರು ಕುಡಿಯಿತೇ, ಯಾವ ದಿಕ್ಕಿಗೆ ಹೋಯಿತು ಎಂದು ಹೇಳಿ. ವಿಡಿಯೋ ತೆಗೆದಿದ್ದರೆ ಗುಂಪುಗಳಿಗೆ ಹಂಚುವ ಮೊದಲು ಅದನ್ನು ವಲಯ ಅರಣ್ಯಾಧಿಕಾರಿಗೆ ಕಳಿಸಿ. ಪ್ರಾಣಿ ನಡೆಯುವ ರೀತಿ ಒಂದೆರಡು ನಿಮಿಷ ಅದರಲ್ಲಿ ಸ್ಪಷ್ಟವಾಗಿ ಸಿಕ್ಕರೆ, ಡಾರ್ಟ್ ಬೇಕೋ ಬೇಡವೋ ಎಂದು ವೈದ್ಯರು ಅರ್ಧ ನಿರ್ಧಾರವನ್ನು ಅಲ್ಲೇ ಮಾಡಬಲ್ಲರು.